ಸಂಕಲ್ಪ ದೊಡ್ಡದಿರಲಿ, ಲೆಕ್ಕ ಸರಿಯಿರಲಿ



ಬೆಟ್ಟ ಹತ್ತಿ, ದರ್ಶನ ಮುಗಿಸಿ, ಈ ಪುಸ್ತಕ ಹಿಡಿದು ನೆರಳಿನಲ್ಲಿ ಕುಳಿತಿರುವ ತಮಗೆ ನಮಸ್ಕಾರ. ಕ್ಷೇತ್ರದ ಮಹಿಮೆ, ಪೂಜಾ ವೇಳೆ, ಸೇವೆಗಳ ವಿವರ ಬೇರೆ ಪುಟಗಳಲ್ಲಿ ಇವೆ. ಈ ನಾಲ್ಕು ಪುಟಗಳಲ್ಲಿ ನಾನು ಬಹಳ ದಿನದಿಂದ ಮನಸ್ಸಿನಲ್ಲಿ ಇಟ್ಟುಕೊಂಡ ಒಂದು ಮಾತನ್ನು ತಮ್ಮ ಮುಂದೆ ಇಡುತ್ತೇನೆ. ನಾನು ಪಂಡಿತನಲ್ಲ, ಪ್ರವಚನಕಾರನೂ ಅಲ್ಲ. ಪಿಯುಸಿ ತನಕ ಓದಿದ ಗುಮಾಸ್ತ. ಕಂಪ್ಲಿ ಹತ್ತಿರದ ಎಮ್ಮಿಗನೂರು ನನ್ನ ಊರು. ಸೇವಾ ರಸೀದಿ ಬರೆಯುವುದು, ಹುಂಡಿ ಎಣಿಕೆಗೆ ಕೂಡುವುದು, ಕಳೆದುಹೋದ ಮಕ್ಕಳ ಹೆಸರನ್ನು ಮೈಕಿನಲ್ಲಿ ಕೂಗುವುದು ನನ್ನ ಕೆಲಸ. ತಪ್ಪಿದ್ದರೆ ತಾವು ತಿದ್ದಿಕೊಳ್ಳಬೇಕು.

ಕಳೆದ ವರ್ಷ ಶ್ರಾವಣ ಶನಿವಾರ ಒಬ್ಬ ಹುಡುಗ ಕಿಂಡಿಗೆ ಬಂದ. ಇಪ್ಪತ್ತಾರು ಇಪ್ಪತ್ತೇಳು ವಯಸ್ಸು ಇರಬಹುದು. ಅರ್ಚನೆಗೆ ಹೆಸರು, ನಕ್ಷತ್ರ ಬರೆಸಿದ. ಆಮೇಲೆ ಸ್ವಲ್ಪ ಬಗ್ಗಿ, "ಸಾರ್, ಐದು ವರ್ಷದಿಂದ ಪೊಲೀಸ್ ನೌಕರಿ ಪರೀಕ್ಷೆ ಬರೀತಿದೀನಿ. ದಿನಾ ಬೆಳಿಗ್ಗೆ ಕನ್ನಡಿ ಮುಂದೆ ನಿಂತು ನಾನು ಆಫೀಸರ್ ಆಗೇ ಆಗ್ತೀನಿ ಅಂತ ನೂರು ಸಲ ಹೇಳ್ತೀನಿ. ಪಾಸಿಟಿವ್ ಆಗಿ ಯೋಚನೆ ಮಾಡಿದ್ರೆ ಆಗ್ತೈತೆ ಅಲ್ವಾ ಸಾರ್?" ಅಂದ. ಹಿಂದೆ ಉದ್ದನೆ ಸಾಲು ಇತ್ತು. "ಆಗ್ತೈತಪ್ಪ, ಧೈರ್ಯವಾಗಿರು" ಅಂತ ಹೇಳಿ ಚಿಲ್ಲರೆ ಕೊಟ್ಟು ಕಳಿಸಿದೆ. ಅವನು ಖುಷಿಯಿಂದ ಹೋದ. ನನಗೆ ಮಾತ್ರ ಆ ರಾತ್ರಿ ನಿದ್ದೆ ಬರಲಿಲ್ಲ. ಯಾಕೆಂದರೆ ಅದೇ ಮಾತನ್ನು ನಾನು ಹಿಂದೆ ಇನ್ನೊಬ್ಬನಿಗೂ ಹೇಳಿದ್ದೆ. ಅದನ್ನು ಮುಂದೆ ಹೇಳುತ್ತೇನೆ.

ಮನಸ್ಸಿದ್ದರೆ ಮಾರ್ಗ ಎಂದು ಹಿರಿಯರು ಹೇಳಿದ್ದಾರೆ. ಅದು ಸುಳ್ಳಲ್ಲ. ಆಗೋದಿಲ್ಲ ಅಂತ ಕೂತವನಿಗೆ ಯಾವ ಕೆಲಸವೂ ಆಗುವುದಿಲ್ಲ. ಈ ಬೆಟ್ಟವನ್ನೇ ನೋಡಿ. ಕೆಳಗೆ ನಿಂತು ಮೇಲೆ ನೋಡಿದಾಗ "ಅಯ್ಯೋ, ಇಷ್ಟು ಎತ್ತರವೇ" ಎಂದವರೆಲ್ಲ ಈಗ ಮೇಲೆ ಇದ್ದೀರಿ. ಆದರೆ ಈಚಿನ ವರ್ಷಗಳಲ್ಲಿ ಈ ಮಾತು ಬೇರೆ ರೂಪ ತಾಳಿದೆ. ಅಮೆರಿಕದ ನಾರ್ಮನ್ ವಿನ್ಸೆಂಟ್ ಪೀಲ್ ಎಂಬ ಪಾದ್ರಿ 1952ರಲ್ಲಿ ಸಕಾರಾತ್ಮಕ ಚಿಂತನೆಯ ಶಕ್ತಿಯ ಬಗ್ಗೆ ಒಂದು ಪುಸ್ತಕ ಬರೆದರು. ಅದು ಲೋಕವೆಲ್ಲ ಹಬ್ಬಿತು. ಆಮೇಲೆ ಅಂಥ ಪುಸ್ತಕಗಳು ಸಾಲುಸಾಲಾಗಿ ಬಂದವು. ಬಸ್ ಸ್ಟ್ಯಾಂಡಿನ ಅಂಗಡಿಗಳಲ್ಲೂ ಸಿಗುತ್ತವೆ. ದೊಡ್ಡ ಕನಸು ಕಾಣು, ಗುರಿಯನ್ನು ಕಣ್ಣಮುಂದೆ ತಂದುಕೋ, ಅದು ತಾನಾಗಿ ನಿನ್ನ ಕಡೆ ಬರುತ್ತದೆ ಎಂದು ಹೇಳುತ್ತವೆ. ಕೊನೆಯ ಆ ಮಾತಿನ ಹತ್ತಿರ ನನಗೆ ಕಾಲು ಜಾರಿತು.

ನಾನೂ ಪಿಯುಸಿ ಮುಗಿಸಿದಾಗ ದೊಡ್ಡ ಅಧಿಕಾರಿ ಆಗಬೇಕು ಅಂತ ಚೀಟಿ ಬರೆದು ಗೋಡೆಗೆ ಅಂಟಿಸಿದ್ದೆ. ದಿನಾ ಅದನ್ನು ಓದಿ ಎದೆ ಉಬ್ಬಿಸಿಕೊಳ್ಳುತ್ತಿದ್ದೆ. ಕಾರಿನಿಂದ ಇಳಿದ ಹಾಗೆ, ಜನ ಎದ್ದು ನಿಂತ ಹಾಗೆ ಕಾಣುತ್ತಿತ್ತು. ಓದಬೇಕಾದ ಪುಸ್ತಕ ಮಾತ್ರ ಕಪಾಟಿನಲ್ಲೇ ಇತ್ತು. ಕನಸು ಕಂಡ ಸುಖದಲ್ಲೇ ಹೊಟ್ಟೆ ತುಂಬಿದಂತಾಗಿ ಹಸಿವು ಹೋಗಿಬಿಡುತ್ತಿತ್ತು. ಸುಣ್ಣ ಬಳಿಯುವಾಗ ಆ ಚೀಟಿ ತಾನಾಗಿ ಉದುರಿತು.

ಸಂಕಲ್ಪದಲ್ಲಿ ಏನಿದೆ

ಇಷ್ಟು ವರ್ಷ ಕಿಂಡಿಯಲ್ಲಿ ಕೂತು, ಗರ್ಭಗುಡಿಯ ಕಡೆಯಿಂದ ಕೇಳಿಬರುವ ಸಂಕಲ್ಪವನ್ನು ದಿನಕ್ಕೆ ನೂರಾರು ಸಲ ಕೇಳಿದ್ದೇನೆ. ತಾವೂ ಇವತ್ತು ಮಾಡಿಸಿದ್ದೀರಿ. ಅರ್ಚಕರು ಬೇಗ ಹೇಳುವುದರಿಂದ ನಮಗೆ ತಿಳಿಯುವುದಿಲ್ಲ. ಒಮ್ಮೆ ಬಿಡುವಾದಾಗ ಬಿಡಿಸಿ ಹೇಳಿ ಅಂತ ಕೇಳಿಕೊಂಡೆ. ಅವತ್ತು ನನಗೆ ಕಣ್ಣು ತೆರೆಯಿತು.

ಸಂಕಲ್ಪದಲ್ಲಿ ಮೊದಲು ಬರುವುದು ನಮ್ಮ ಬೇಡಿಕೆ ಅಲ್ಲ. ಮೊದಲು ಬರುವುದು ನಾವು ನಿಂತಿರುವ ಜಾಗ. ಯಾವ ದ್ವೀಪ, ಯಾವ ದೇಶ, ಯಾವ ನದಿಯ ಯಾವ ದಿಕ್ಕು. ಆಮೇಲೆ ಕಾಲ. ಯಾವ ಸಂವತ್ಸರ, ಯಾವ ಋತು, ಯಾವ ಮಾಸ, ತಿಥಿ, ವಾರ. ಆಮೇಲೆ ನಾವು ಯಾರು ಎಂಬುದು, ಗೋತ್ರ, ನಕ್ಷತ್ರ, ಹೆಸರು. ಅದೂ ಒಬ್ಬನದೇ ಅಲ್ಲ, ಕುಟುಂಬ ಸಹಿತ. ಆಮೇಲೆ ಬೇಡಿಕೆ. ಅದರಲ್ಲೂ ಒಂದು ಕ್ರಮ ಇದೆ. ಮೊದಲು ಕ್ಷೇಮ, ಸ್ಥೈರ್ಯ, ಧೈರ್ಯ. ವಿಜಯ ಅದರ ನಂತರ. ಐಶ್ವರ್ಯ ಕೊನೆ ಕೊನೆಗೆ. ಆಮೇಲೆ ಯಥಾಶಕ್ತಿ, ಅಂದರೆ ನನ್ನ ಕೈಲಾದಷ್ಟು ಎಂಬ ಮಾತು. ಎಲ್ಲಕ್ಕೂ ಕೊನೆಯ ಪದ "ಕರಿಷ್ಯೇ".

ಕರಿಷ್ಯೇ ಅಂದರೆ ಏನು? "ಮಾಡುತ್ತೇನೆ" ಎಂದು ಅರ್ಥ. "ಆಗುತ್ತೇನೆ" ಎಂದಲ್ಲ. ದೇವರ ಮುಂದೆ ಕೈಯಲ್ಲಿ ಅಕ್ಷತೆ ನೀರು ಹಿಡಿದು ಹೇಳುವ ಮಾತು, ನಾನು ಇಂಥದ್ದು ಮಾಡುತ್ತೇನೆ ಎಂಬುದು. ಆಗುವುದು ಅವನಿಗೆ ಬಿಟ್ಟದ್ದು, ಮಾಡುವುದು ನಮಗೆ ಬಿಟ್ಟದ್ದು. ಕನ್ನಡಿ ಮುಂದೆ "ಆಗೇ ಆಗ್ತೀನಿ" ಎನ್ನುವುದಕ್ಕೂ, ದೇವರ ಮುಂದೆ "ಮಾಡುತ್ತೇನೆ" ಎನ್ನುವುದಕ್ಕೂ ಇರುವ ಅಂತರವೇ ಆಸೆಗೂ ಸಂಕಲ್ಪಕ್ಕೂ ಇರುವ ಅಂತರ ಎಂದು ನನಗೆ ತೋರುತ್ತದೆ.

ಕಡಲ ದಂಡೆಯ ಲೆಕ್ಕ

ನಮ್ಮ ಸೀಮೆ ಕಿಷ್ಕಿಂಧೆಯ ಸೀಮೆ. ತುಂಗಭದ್ರೆಯ ಆಚೆ ದಂಡೆಯಲ್ಲಿ ಆನೆಗೊಂದಿ ಹತ್ತಿರದ ಅಂಜನಾದ್ರಿಯನ್ನು ಹನುಮ ಹುಟ್ಟಿದ ಸ್ಥಳ ಎಂದು ನಂಬಿ, 575 ಮೆಟ್ಟಿಲು ಹತ್ತಿ ಹೋಗುತ್ತೇವೆ. ಸಮುದ್ರ ಹಾರಿದ ಹನುಮಂತನಿಗಿಂತ ದೊಡ್ಡ ಗುರಿಯ ಉದಾಹರಣೆ ಎಲ್ಲಿದೆ? ಆದರೆ ಹಾರುವುದಕ್ಕಿಂತ ಮುಂಚೆ ಏನಾಯಿತು ಎಂಬುದನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ.

ವಾಲ್ಮೀಕಿ ರಾಮಾಯಣದ ಕಿಷ್ಕಿಂಧಾ ಕಾಂಡದ ಕೊನೆಯಲ್ಲಿ ಕಪಿಗಳೆಲ್ಲ ಕಡಲ ದಂಡೆಯಲ್ಲಿ ಕೂತಿದ್ದಾರೆ. ಲಂಕೆ ನೂರು ಯೋಜನ ದೂರ. ಅಂಗದ ಒಬ್ಬೊಬ್ಬರನ್ನೂ ಕೇಳುತ್ತಾನೆ, ಯಾರು ಎಷ್ಟು ಹಾರಬಲ್ಲಿರಿ ಅಂತ. ಗಜ ಎಂಬುವನು ಹತ್ತು ಯೋಜನ ಎನ್ನುತ್ತಾನೆ. ಗವಾಕ್ಷ ಇಪ್ಪತ್ತು ಎನ್ನುತ್ತಾನೆ. ಹೀಗೆ ಏರುತ್ತಾ ಹೋಗಿ ಮುದುಕನಾದ ಜಾಂಬವ ತೊಂಬತ್ತು ಎನ್ನುತ್ತಾನೆ. ಅಂಗದ, ನಾನು ನೂರು ಹಾರುತ್ತೇನೆ, ಆದರೆ ತಿರುಗಿ ಬರುವ ಶಕ್ತಿ ಇರುತ್ತದೋ ಇಲ್ಲವೋ ಹೇಳಲಾರೆ ಎನ್ನುತ್ತಾನೆ.

ಇಲ್ಲಿ ಮೂರು ಸಂಗತಿ ನೋಡಬೇಕು. ಒಂದು, ಹತ್ತು ಯೋಜನ ಎಂದವನನ್ನು ಯಾರೂ ನಕ್ಕು ಹೀಯಾಳಿಸಲಿಲ್ಲ. ಅವನೂ ನಾಚಿಕೆಯಿಂದ ನೂರು ಎಂದು ಸುಳ್ಳು ಹೇಳಲಿಲ್ಲ. ಎರಡು, ಅಂಗದ ರಾಜಕುಮಾರ. ಅವನು ಹೋಗುವ ಲೆಕ್ಕದ ಜೊತೆ ಬರುವ ಲೆಕ್ಕವನ್ನೂ ಹಾಕಿದ. ಮೂರು, ಹನುಮಂತ ಒಂದು ಕಡೆ ಸುಮ್ಮನೆ ಕೂತಿದ್ದ. ಋಷಿಗಳ ಶಾಪದಿಂದ ಅವನಿಗೆ ತನ್ನ ಬಲ ಮರೆತಿತ್ತು ಎಂದು ಹೇಳುತ್ತಾರೆ. ಅವನ ಬಲವನ್ನು ನೆನಪು ಮಾಡಿಕೊಟ್ಟವನು ಜಾಂಬವ. ಜಾಂಬವ ಇಲ್ಲದ ಬಲವನ್ನು ಇದೆ ಎಂದು ಹೊಗಳಲಿಲ್ಲ. ಹುಟ್ಟಿದಾಗಿನಿಂದ ಅವನನ್ನು ಬಲ್ಲವನಾಗಿ, ಇದ್ದದ್ದನ್ನೇ ಹೇಳಿದ. ಗಜನ ಬೆನ್ನು ತಟ್ಟಿ "ನೀನೂ ನೂರು ಹಾರುತ್ತೀಯ, ಧೈರ್ಯ ಮಾಡು" ಎಂದಿದ್ದರೆ ಗಜ ಹತ್ತು ಯೋಜನ ಹಾರಿ ಸಮುದ್ರದಲ್ಲಿ ಮುಳುಗುತ್ತಿದ್ದ. ಅದು ಪ್ರೋತ್ಸಾಹ ಅಲ್ಲ, ಪಾಪ.

ಕೆಂಪು ಧೂಳಿನ ದಿನಗಳು

ಈಗ ನನ್ನ ತಪ್ಪನ್ನು ಹೇಳುತ್ತೇನೆ. ಈ ಕಡೆಯವರಿಗೆ ಆ ದಿನಗಳು ನೆನಪಿರಬೇಕು. 2003-04ರ ನಂತರ ಚೀನಾ ದೇಶಕ್ಕೆ ಕಬ್ಬಿಣದ ಅದಿರು ಎಷ್ಟು ಬೇಕಾಯಿತೆಂದರೆ, ಸಂಡೂರು, ಹೊಸಪೇಟೆ ರಸ್ತೆಗಳಲ್ಲಿ ಹಗಲು ರಾತ್ರಿ ಲಾರಿಗಳ ಸಾಲು. ಗಿಡ, ಗುಡಿ, ಮನೆ, ಎತ್ತಿನ ಮೈ ಎಲ್ಲ ಕೆಂಪು. ಲಾರಿ ಇದ್ದವನಿಗೆ ಕೈತುಂಬ ದುಡ್ಡು. ಹೊಲ ಇದ್ದವನು ಹೊಲ ಅಗೆದ, ಹೊಲ ಇಲ್ಲದವನು ಸಾಲ ಮಾಡಿ ಲಾರಿ ತಂದ.

ನನ್ನ ಹೆಂಡತಿಯ ತಮ್ಮ ಒಳ್ಳೆಯ ಡ್ರೈವರ್. ಮೊದಲು ಒಂದು ಲಾರಿ ತಂದ, ಕಂತು ಸರಿಯಾಗಿ ಕಟ್ಟಿದ. 2010ರಲ್ಲಿ ನನ್ನ ಹತ್ತಿರ ಬಂದು, "ಭಾವ, ಇನ್ನೂ ಎರಡು ಗಾಡಿ ತರೋಣ ಅಂತೀನಿ, ಎರಡು ಎಕರೆ ಅಡ ಇಡಬೇಕಾಗ್ತೈತೆ, ಏನಂತೀಯ?" ಎಂದ. ನಾನು ಆಗ ಅಂಥ ಪುಸ್ತಕಗಳನ್ನು ಹಗಲು ರಾತ್ರಿ ಓದುತ್ತಿದ್ದೆ. ಒಂದನ್ನು ಅವನ ಕೈಗೂ ಕೊಟ್ಟು, "ಸಣ್ಣದಾಗಿ ಯೋಚನೆ ಮಾಡಬೇಡ. ಮೂರಲ್ಲ, ಹತ್ತು ಲಾರಿ ಮಾಲೀಕ ಅಂತ ಮನಸ್ಸಿನಲ್ಲಿ ನೋಡಿಕೋ, ಧೈರ್ಯ ಮಾಡು" ಎಂದೆ. ಹೊಸ ಲಾರಿಗಳಿಗೆ ಇದೇ ಬೆಟ್ಟದ ಕೆಳಗೆ ನಿಂಬೆಹಣ್ಣು ಇಟ್ಟು, ಹೂವು ಹಾಕಿ ಪೂಜೆ ಮಾಡಿಸಿದವನೂ ನಾನೇ.

2011ರ ಜುಲೈ 29ರಂದು ಸುಪ್ರೀಂ ಕೋರ್ಟು ಬಳ್ಳಾರಿ ಜಿಲ್ಲೆಯ ಗಣಿಗಾರಿಕೆ ನಿಲ್ಲಿಸಿತು. ಅಕ್ರಮ ನಡೆದಿತ್ತು, ಕಾಡು ಹಾಳಾಗಿತ್ತು, ನಿಲ್ಲಿಸಬೇಕಾಗಿತ್ತು. ಅದರ ಬಗ್ಗೆ ನನಗೆ ಎರಡು ಮಾತಿಲ್ಲ. ಆದರೆ ಸಾಲ ಮಾಡಿ ಲಾರಿ ತಂದವರು ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಟೈರು ನೋಡುತ್ತಾ ಕೂತರು. ನಮ್ಮವನು "ಪಾಸಿಟಿವ್ ಆಗಿರೋಣ ಭಾವ, ಬರೋ ತಿಂಗಳು ಶುರು ಆಗ್ತೈತೆ" ಅಂತ ಒಂದೊಂದೇ ತಿಂಗಳು ದೂಡಿದ. ಕೈಗಡ ತಂದು ಕಂತು ಕಟ್ಟಿದ. ಎರಡು ಲಾರಿಯನ್ನು ಸಾಲ ಕೊಟ್ಟವರು ಎಳೆದುಕೊಂಡು ಹೋದರು. ಅಡವಿಟ್ಟ ಹೊಲ ಮಾರಿ ಸಾಲ ತೀರಿಸಿದ್ದಾಯಿತು. 2013ರಲ್ಲಿ ಕೆಲವು ಗಣಿಗಳಿಗೆ ಮತ್ತೆ ಅನುಮತಿ ಸಿಕ್ಕಿತು. ಅಷ್ಟರಲ್ಲಿ ಅವನ ಹತ್ತಿರ ಹೊಲವೂ ಇಲ್ಲ, ಗಾಡಿಯೂ ಇಲ್ಲ.

ಅವನಲ್ಲಿ ಧೈರ್ಯ ಕಡಿಮೆ ಇತ್ತೇ? ಇಲ್ಲ. ಗುರಿ ಸಣ್ಣದಿತ್ತೇ? ಇಲ್ಲ. ತಿರುಗಿ ಬರುವ ಲೆಕ್ಕ ಮಾತ್ರ ಹಾಕಿರಲಿಲ್ಲ. ಅಂಗದ ಕೇಳಿದ ಪ್ರಶ್ನೆಯನ್ನು ಅವನೂ ಕೇಳಿಕೊಳ್ಳಲಿಲ್ಲ, ಹಿರಿಯನಾದ ನಾನೂ ಕೇಳಲಿಲ್ಲ. ಅದಿರು ನಿಂತರೆ ಕಂತು ಎಲ್ಲಿಂದ? ಇಷ್ಟೇ ಪ್ರಶ್ನೆ. ಅದನ್ನು ಕೇಳುವುದು ನೆಗೆಟಿವ್ ಎಂದು ನಾವು ತಿಳಿದಿದ್ದೆವು.

ಕನಸು ಬೇರೆ, ಭರವಸೆ ಬೇರೆ

ನನ್ನ ಮಗಳು ಬಿ.ಎಡ್. ಓದುವಾಗ ಒಂದು ವಿಷಯ ಓದಿ ಹೇಳಿದಳು. ಗೇಬ್ರಿಯೆಲ್ ಓಟಿಂಗನ್ ಎಂಬ ಮನಶ್ಶಾಸ್ತ್ರದ ಪ್ರಾಧ್ಯಾಪಕಿ ಈ ವಿಷಯವನ್ನೇ ಪರೀಕ್ಷೆ ಮಾಡಿದ್ದಾರೆ. 2002ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಜರ್ಮನಿಯಲ್ಲಿ ಓದು ಮುಗಿಸಿ ನೌಕರಿ ಹುಡುಕುವವರನ್ನು ಕೇಳಿ, ಎರಡು ವರ್ಷ ಬಿಟ್ಟು ಮತ್ತೆ ವಿಚಾರಿಸಿದರಂತೆ. ಒಳ್ಳೆಯ ನೌಕರಿ ಸಿಕ್ಕ ಹಾಗೆ ಸುಖದ ಚಿತ್ರ ಕಾಣುತ್ತಾ ಇದ್ದವರು ಕಡಿಮೆ ಅರ್ಜಿ ಹಾಕಿದ್ದರು, ಅವರಿಗೆ ನೌಕರಿ ಕರೆಗಳೂ ಕಡಿಮೆ, ಸಂಬಳವೂ ಕಡಿಮೆ. ನನ್ನಿಂದ ಸಾಧ್ಯ ಎಂಬ ಭರವಸೆ ಇದ್ದವರು ಮಾತ್ರ ಮುಂದೆ ಬಂದಿದ್ದರು.

ಕೇಳಿ ನನ್ನ ಗೋಡೆ ಚೀಟಿ ನೆನಪಾಯಿತು. ಎರಡೂ ಒಂದೇ ಎಂದು ತಿಳಿದಿದ್ದೆ, ಎರಡೂ ಬೇರೆ. ಕನಸಿಗೆ ಏನೂ ಖರ್ಚಿಲ್ಲ, ಕಣ್ಣು ಮುಚ್ಚಿದರೆ ಬರುತ್ತದೆ. ಭರವಸೆ ಹಾಗಲ್ಲ. ನಿನ್ನೆ ಹತ್ತು ಮೆಟ್ಟಿಲು ಹತ್ತಿದ್ದೇನೆ, ಇವತ್ತು ಇಪ್ಪತ್ತು ಹತ್ತಬಲ್ಲೆ ಎಂದು ಕಾಲು ಹೇಳುತ್ತದಲ್ಲ, ಅದು ಭರವಸೆ. ಅದು ಮಾಡಿದ ಕೆಲಸದಿಂದ ಬರುತ್ತದೆ.

ಹಾಗಾದರೆ ಬಡವರು ದೊಡ್ಡ ಗುರಿ ಇಡಬಾರದೇ?

ಇದು ನ್ಯಾಯವಾದ ಪ್ರಶ್ನೆ. ನೀನು ಎಲ್ಲಿ ನಿಂತಿದ್ದೀ ನೋಡಿಕೋ ಎಂದರೆ, ಅಲ್ಲೇ ನಿಂತಿರು ಎಂದ ಹಾಗೆ ಕೇಳಿಸುತ್ತದೆ. ಬಡವರಿಗೆ, ಕೆಳಗಿನವರಿಗೆ ಈ ಮಾತನ್ನು ಹೇಳಿ ಹೇಳಿ ಕೂರಿಸಿದವರು ಬಹಳ ಜನ ಇದ್ದಾರೆ. ನಾನು ಹೇಳುವುದು ಅದಲ್ಲ.

ನಮ್ಮ ಬಳ್ಳಾರಿ ಜಿಲ್ಲೆಯ ಕಲ್ಲುಕಂಬದಲ್ಲಿ ಹುಟ್ಟಿದ ಮಂಜಮ್ಮ ಜೋಗತಿಯವರನ್ನು ನೋಡಿ. ಗಂಡುಮಗುವಾಗಿ ಹುಟ್ಟಿ, ಮನಸ್ಸು ಹೆಣ್ಣಾಗಿ, ಮನೆಯ ಆಸರೆ ತಪ್ಪಿ, ಭಿಕ್ಷೆ ಬೇಡಿದವರು. ಕಾಳವ್ವ ಜೋಗತಿಯವರ ಹತ್ತಿರ ಜೋಗತಿ ನೃತ್ಯ ಕಲಿತರು. ಗುರು ತೀರಿಹೋದ ಮೇಲೆ ಮೇಳವನ್ನು ತಾವೇ ನಡೆಸಿದರು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಗೆ ಅಧ್ಯಕ್ಷರಾದರು. 2021ರ ನವೆಂಬರಿನಲ್ಲಿ ದೆಹಲಿಗೆ ಹೋಗಿ ಪದ್ಮಶ್ರೀ ತೆಗೆದುಕೊಳ್ಳುವ ಮೊದಲು ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದದ್ದನ್ನು ದೇಶವೆಲ್ಲ ನೋಡಿತು. ಇದಕ್ಕಿಂತ ದೊಡ್ಡ ಏರಿಕೆ ಯಾವುದು? ಆದರೆ ಅದು ಒಂದೊಂದೇ ಮೆಟ್ಟಿಲಿನ ಏರಿಕೆ. ಕೈಗೆ ಸಿಕ್ಕ ಕಲೆಯನ್ನು ಕಲಿತರು, ಕಲಿತದ್ದನ್ನು ಬಿಡದೆ ಮಾಡಿದರು. ಕರಿಷ್ಯೇ ಅಂದರೆ ಇದೇ.

ಇನ್ನೊಂದು ಉದಾಹರಣೆ ನಮ್ಮ ಹೊಟ್ಟೆಗೆ ಸಂಬಂಧಿಸಿದ್ದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೇ ಗೇಟಿನ ಚೈನು ಕಡಿದು ಗೇಟೇ ಕೊಚ್ಚಿಹೋಯಿತು. ತುಂಬಿದ ಕೆರೆ ಕಣ್ಣಮುಂದೆ ಖಾಲಿಯಾಗುತ್ತಿತ್ತು. ಎಮ್ಮಿಗನೂರು, ಕಂಪ್ಲಿ ಕಡೆ ನಾಟಿ ಮಾಡಿದ ರೈತರಿಗೆ ಊಟ ಸೇರಲಿಲ್ಲ. ಗೇಟು ಕೂಡಿಸಬೇಕಾದರೆ ನೀರೆಲ್ಲ ಇಳಿಯಬೇಕು ಎಂಬ ಮಾತು ಎಲ್ಲ ಕಡೆ ಇತ್ತು. ಆಗ ಕನ್ನಯ್ಯ ನಾಯ್ಡು ಎಂಬ ವಯಸ್ಸಾದ ಗೇಟು ತಜ್ಞರು ಬಂದು, ಹರಿಯುವ ನೀರಿನಲ್ಲೇ ಅಡ್ಡ ಹಲಗೆಯಂಥ ಕಬ್ಬಿಣದ ಸ್ಟಾಪ್ ಲಾಗ್ ತುಂಡುಗಳನ್ನು ಇಳಿಸಬಹುದು ಎಂದರು. ಅದು ಬರೀ ಧೈರ್ಯದ ಮಾತಲ್ಲ. ಗೇಟುಗಳ ಕೆಲಸದಲ್ಲೇ ಆಯುಷ್ಯ ಕಳೆದವರ ಮಾತು. ಅಳತೆ ತೆಗೆದರು, ತುಂಡು ಮಾಡಿಸಿದರು, ಕ್ರೇನು ತರಿಸಿದರು. ಕಾರ್ಮಿಕರು ಪ್ರಾಣದ ಹಂಗು ತೊರೆದು ದುಡಿದರು. ಒಂದು ವಾರದಲ್ಲಿ ನೀರು ನಿಂತಿತು, ಆ ವರ್ಷದ ಬೆಳೆ ಉಳಿಯಿತು. ಆಗುತ್ತದೆ ಎಂದು ಅವರೂ ಹೇಳಿದರು, ನಾನೂ ಭಾಮೈದನಿಗೆ ಹೇಳಿದ್ದೆ. ಪದ ಒಂದೇ. ಅವರ ಪದದ ಹಿಂದೆ ಅಳತೆ ಇತ್ತು, ನನ್ನ ಪದದ ಹಿಂದೆ ಏನೂ ಇರಲಿಲ್ಲ.

ಸೋತವರಿಗೆ ಒಂದು ಮಾತು

ಎಲ್ಲಕ್ಕಿಂತ ಮುಖ್ಯವಾದ ಮಾತು ಇದು. ಯೋಚನೆಯೊಂದೇ ಎಲ್ಲವನ್ನೂ ತರುತ್ತದೆ ಎಂದು ನಂಬಿದರೆ, ಬರದೇ ಹೋದಾಗ ತಪ್ಪು ಯಾರದಾಗುತ್ತದೆ? ಯೋಚಿಸಿದವನದು. "ನೀನು ಸರಿಯಾಗಿ ನಂಬಲಿಲ್ಲ, ಅದಕ್ಕೇ ಆಗಲಿಲ್ಲ" ಎನ್ನುತ್ತಾರೆ. ಬಿದ್ದವನ ಬೆನ್ನಿಗೆ ಇನ್ನೊಂದು ಏಟು. ಲಾರಿ ಹೋದ ಮೇಲೆ ನನ್ನ ಭಾಮೈದ ತಿಂಗಳುಗಟ್ಟಲೆ ಯಾರ ಮುಖವನ್ನೂ ನೋಡಲಿಲ್ಲ. "ನನ್ನ ಮನಸ್ಸೇ ಗಟ್ಟಿ ಇರಲಿಲ್ಲ ಭಾವ" ಎನ್ನುತ್ತಿದ್ದ. ದೇಶದ ದೊಡ್ಡ ಕೋರ್ಟಿನ ಆದೇಶಕ್ಕೂ ಅವನ ಮನಸ್ಸಿಗೂ ಏನು ಸಂಬಂಧ? ಒಂದು ದಿನ ಅವನನ್ನು ಇಲ್ಲಿಗೆ ಕರೆತಂದು, "ತಪ್ಪು ನಿನ್ನ ಮನಸ್ಸಿನದಲ್ಲ, ಲೆಕ್ಕದ್ದು. ಆ ಲೆಕ್ಕ ತಪ್ಪು ಹೇಳಿಕೊಟ್ಟವನು ನಾನು. ಕ್ಷಮಿಸು" ಎಂದೆ. ಇಬ್ಬರೂ ಅತ್ತೆವು. ಈಗ ಅವನು ಬೇರೆಯವರ ಗಾಡಿ ಓಡಿಸುತ್ತಾನೆ. ಸಾಲ ಇಲ್ಲ, ಮಕ್ಕಳು ಓದುತ್ತಿದ್ದಾರೆ.

ಮಳೆ ಬಾರದೆ ಬೆಳೆ ಒಣಗಿದರೆ ರೈತನ ಯೋಚನೆ ಕೆಟ್ಟದ್ದಲ್ಲ. ನೂರು ಹುದ್ದೆಗೆ ಸಾವಿರಾರು ಮಂದಿ ಬರೆದರೆ ಉಳಿದವರೆಲ್ಲ ನಂಬಿಕೆ ಇಲ್ಲದವರಲ್ಲ. ತಂದೆ ತಾಯಂದಿರು ಇದನ್ನು ದಯವಿಟ್ಟು ನೆನಪಿನಲ್ಲಿ ಇಡಬೇಕು. ಮಗನ ಹೆಸರಿನಲ್ಲಿ ಪ್ರಥಮ ರ‍್ಯಾಂಕಿಗೆ ಹರಕೆ ಬರೆಸುವಾಗ, ಪಕ್ಕದಲ್ಲಿ ನಿಂತ ಮಗುವಿನ ಮುಖ ಒಮ್ಮೆ ನೋಡಿ. ನಾನು ಕಿಂಡಿಯಿಂದ ದಿನಾ ನೋಡುತ್ತೇನೆ.

ಬೆಟ್ಟ ಇಳಿಯುವಾಗ ಯೋಚಿಸಲು ನಾಲ್ಕು ಮಾತು ಬರೆಯುತ್ತೇನೆ.

1. ಗುರಿ ದೊಡ್ಡದೇ ಇರಲಿ. ಆದರೆ ನಾನು ಇವತ್ತು ಎಲ್ಲಿ ನಿಂತಿದ್ದೇನೆ, ಏನು ಬರುತ್ತದೆ, ಏನು ಬರುವುದಿಲ್ಲ ಎಂದು ಮೊದಲು ಬರೆದುಕೊಳ್ಳಿ.

2. "ಆಗ್ತೀನಿ" ಎಂಬುದನ್ನು "ಮಾಡ್ತೀನಿ" ಎಂದು ಬದಲಿಸಿ. ಇವತ್ತು ಏನು, ಎಷ್ಟು ಹೊತ್ತು ಎಂದು ಸೇರಿಸಿ.

3. ತಿರುಗಿ ಬರುವ ದಾರಿ ಇಟ್ಟುಕೊಳ್ಳಿ. ಕುಟುಂಬದ ಅನ್ನ, ಇರುವ ಮನೆ, ಹೊಲ ಇವನ್ನು ಪಣಕ್ಕೆ ಇಡಬೇಡಿ. ಸಂಕಲ್ಪ ಕುಟುಂಬ ಸಹಿತ ಎಂಬುದನ್ನು ಮರೆಯಬೇಡಿ.

4. ಜಾಂಬವನಂಥ ಒಬ್ಬರನ್ನು ಹುಡುಕಿಕೊಳ್ಳಿ. ನಿಮ್ಮನ್ನು ಬಲ್ಲವರಾಗಿರಬೇಕು, ಇದ್ದದ್ದನ್ನು ಹೇಳುವವರಾಗಿರಬೇಕು. ನೀವೂ ಇನ್ನೊಬ್ಬರಿಗೆ ಹಾಗೇ ಆಗಿ.

ಆ ಹುಡುಗ ಮತ್ತೆ ಬಂದಿಲ್ಲ. ಬಂದರೆ, ಸಾಲು ಎಷ್ಟೇ ಉದ್ದ ಇರಲಿ, ಅವನನ್ನು ಒಳಗೆ ಕೂರಿಸಿ ನೀರು ಕೊಟ್ಟು ಕೇಳಬೇಕು ಎಂದಿದ್ದೇನೆ. ಹೋದ ಸಲ ಯಾವ ಪತ್ರಿಕೆಯಲ್ಲಿ ಎಷ್ಟು ಅಂಕ ಕಡಿಮೆ ಬಂತಪ್ಪ? ವಯಸ್ಸಿನ ಮಿತಿ ಇನ್ನು ಎಷ್ಟು ವರ್ಷ ಐತೆ? ಅದರ ಜೊತೆಗೆ ಇನ್ನೊಂದು ಕೆಲಸ ಏನು ಕಲಿತಿದ್ದೀಯ? ಉತ್ತರ ಹೇಳಿದ ಮೇಲೆ, "ಹೋಗು, ಇವತ್ತಿನ ಓದು ಇವತ್ತು ಮಾಡು. ಸಿಕ್ಕರೆ ಸಿಹಿ ತಗೊಂಡು ಬಾ. ಸಿಗದಿದ್ದರೂ ಬಾ. ಈ ದೇವರು ಪಾಸಾದವರಿಗೆ ಮಾತ್ರ ದರ್ಶನ ಕೊಡೋದಿಲ್ಲ" ಎಂದು ಹೇಳುತ್ತೇನೆ. ಅವನ ಊರು ನನಗೆ ಗೊತ್ತಿಲ್ಲ. ಈ ಪುಸ್ತಕ ಎಲ್ಲಿಯಾದರೂ ಅವನ ಕೈಗೆ ಸಿಕ್ಕೀತು ಎಂದು ಇಲ್ಲಿ ಬರೆದಿದ್ದೇನೆ.

ತಮ್ಮೆಲ್ಲರ ಸತ್ಸಂಕಲ್ಪಗಳು ಈಡೇರಲಿ. ನಿಧಾನವಾಗಿ ಇಳಿಯಿರಿ, ಮೆಟ್ಟಿಲು ನೋಡಿಕೊಂಡು ಹೆಜ್ಜೆ ಇಡಿ. ಸರ್ವರಿಗೂ ಶುಭವಾಗಲಿ.